ಕೂಸಿಗೂ ಪಾಲಿದೆ

ಹೋದ ವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದಾಗ ತೋಟ ಪಾಲು ಮಾಡುವ ಮಾತು ಬಂತು. ನನ್ನ ದೊಡ್ಡಪ್ಪನ ಮಗ, ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದ ಅಣ್ಣ, ಮೆಲ್ಲಗೆ ಹೇಳಿದ: "ತಂಗೀ, ಮಾಣಿಗೆ ಪಾಲು ಕೊಡುವುದು ಸರಿ. ಕೂಸಿಗೆ ಪಾಲು ಯಾಕೆ? ಊಟ, ಬಟ್ಟೆ, ಔಷಧಕ್ಕೆ ಕೊರತೆಯಾಗದಂತೆ ನೋಡಿಕೊಂಡರೆ ಸಾಲದೇ?" ಕುಳಿತವರೆಲ್ಲ ಹೌದೆಂದು ತಲೆಯಾಡಿಸಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಕೆಟ್ಟದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅಂದು ನಾನು ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ. ನನ್ನಂಥ ಅಪ್ಪ ಅಮ್ಮ ಬೇರೆ ಊರುಗಳಲ್ಲೂ ಇದ್ದಾರೆ, ಅವರ ಜಗಲಿಯಲ್ಲೂ ಈ ಮಾತು ಬರುತ್ತದೆ.

ಕೂಸು ಎಂದರೆ ನಮ್ಮ ಮಗಳು, ಮಾಣಿ ಎಂದರೆ ಮಗ. ಶಿರಸಿ ಸೀಮೆಯ ನಮ್ಮ ಮನೆಮಾತಿನಲ್ಲಿ ಹುಡುಗಿ ಕೂಸು, ಹುಡುಗ ಮಾಣಿ. ಮದುವೆಯಾಗಿ ಹೋದ ಮೇಲೆ ಆ ಹೆಸರು ತಾನಾಗಿ ಕಳಚಿಕೊಳ್ಳುತ್ತದೆ. ನಮ್ಮ ಮಗಳಿಗೆ ಇಪ್ಪತ್ತೊಂಬತ್ತಾಯಿತು, ಊರಿಗೆಲ್ಲ ಇನ್ನೂ ಕೂಸು. ಬುದ್ಧಿಮಾಂದ್ಯತೆ, ಜೊತೆಗೆ ಅಪಸ್ಮಾರ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ವೈಕಲ್ಯ ಶೇ. 75 ಎಂದಿದೆ. ಮೂವತ್ತು ನಲವತ್ತು ಶಬ್ದಗಳಲ್ಲಿ ಅವಳ ಮಾತು ಮುಗಿಯುತ್ತದೆ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಗುಳಿಗೆ. ಅವಳಿಗಾಗಿ ಕೆರೆಗೆ ಬೇಲಿ ಹಾಕಿಸಿದ್ದೇವೆ, ಬಾವಿಗೆ ಕಬ್ಬಿಣದ ಜಾಲರಿ. ಇಷ್ಟು ಕೇಳಿದವರು "ಪಾಪ" ಎಂದು ಅಲ್ಲಿಗೇ ನಿಲ್ಲಿಸುತ್ತಾರೆ.

ಬೆಳಗಿನ ಗುಳಿಗೆ ನುಂಗಿದ ಮೇಲೆ ಅವಳು ತೋಟಕ್ಕೆ ಇಳಿಯುತ್ತಾಳೆ. ಹಣ್ಣಾಗಿ ಉದುರಿದ ಗೋಟು ಹೆಕ್ಕುವುದು ಅವಳ ಕೆಲಸ. ಒಂದು ಕೈಗೆ ಮೂರು ಅಡಿಕೆ. ನಾಲ್ಕನೆಯದಕ್ಕೆ ಕೈಯಲ್ಲಿ ಜಾಗವಿದ್ದರೂ ತೆಗೆದುಕೊಳ್ಳುವುದಿಲ್ಲ. ಮೂರು ಹೆಕ್ಕಿ, ಬುಟ್ಟಿಯಿದ್ದಲ್ಲಿಗೆ ನಡೆದು ಬಂದು, ಒಂದೊಂದಾಗಿ ಹಾಕಿ, ಮತ್ತೆ ಹೋಗುತ್ತಾಳೆ. ಬುಟ್ಟಿಯನ್ನೇ ಜೊತೆಗೆ ಒಯ್ಯುವುದನ್ನು ಕಲಿಸಲು ಎರಡು ವರ್ಷ ಹೆಣಗಿ ಕೈಬಿಟ್ಟೆ. ಎರಡು ಕಾಲುವೆಗಳ ನಡುವಿನ ಒಂದು ಸಾಲು ಮುಗಿಯಲು ಅವಳಿಗೆ ಬೆಳಗಿನ ಹೊತ್ತೆಲ್ಲ ಬೇಕು. ಆದರೆ ಅವಳು ಮುಗಿಸಿದ ಸಾಲಿನಲ್ಲಿ ಬಿದ್ದ ಸೋಗೆಯ ಅಡಿಯಲ್ಲೂ ಒಂದು ಅಡಿಕೆ ಉಳಿದಿರುವುದಿಲ್ಲ. ಹಿಂದೆಯೇ ಹೋಗಿ ಹುಡುಕಿ ನೋಡಿದ್ದೇನೆ.

ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರುವಾದರೆ ರಾತ್ರಿಯೂ ಕೆಲಸ. ಸುಲಿಯುವ ಯಂತ್ರ ಎಲ್ಲೆಡೆ ಬಂದಿದೆ. ನಮ್ಮದು ಸಣ್ಣ ತೋಟ, ಇನ್ನೂ ಮೆಟ್ಟುಗತ್ತಿಯಲ್ಲೇ ನಡೆಯುತ್ತದೆ. ಅವಳ ಕೈಗೆ ಕತ್ತಿ ಕೊಡುವಂತಿಲ್ಲ. ಸುಲಿಯುವವರ ಮುಂದಿನ ಬುಟ್ಟಿ ತುಂಬುತ್ತಿದ್ದಂತೆ ತೂಕಕ್ಕೆ ತಂದುಕೊಡುತ್ತಾಳೆ, ಸಿಪ್ಪೆ ಹೊರುತ್ತಾಳೆ. ಒಬ್ಬರ ಬುಟ್ಟಿ ಇನ್ನೊಬ್ಬರ ಲೆಕ್ಕಕ್ಕೆ ಸೇರಿದ್ದು ಇಲ್ಲ. ನಾಲ್ಕೈದು ವರ್ಷದ ಹಿಂದೆ ಸುಲಿತದ ಕೊನೆಯ ರಾತ್ರಿ ಲೆಕ್ಕ ಮಾಡಿ ಎಲ್ಲರಿಗೂ ಹಣ ಕೊಡುತ್ತಿದ್ದೆ. ಬಹಳ ವರ್ಷಗಳಿಂದ ನಮ್ಮಲ್ಲಿಗೆ ಬರುವ ಹೆಂಗಸು ನೋಟನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದವಳು ಕೇಳಿದಳು: "ಅಮ್ಮಾ, ಕೂಸಿನ ಸಂಬಳ ಎಲ್ಲಿ?"

ನಾನು ನಕ್ಕೆ. ಅವಳು ನಗಲಿಲ್ಲ.

ಮಗಳು ಅಲ್ಲೇ ಕೈಯೊಡ್ಡಿ ನಿಂತಿದ್ದಳು. ಎಲ್ಲರೂ ಸಾಲಾಗಿ ನಿಂತದ್ದನ್ನು ಕಂಡು ತಾನೂ ಕೊನೆಯಲ್ಲಿ ನಿಂತಿದ್ದಳು. ಎಷ್ಟು ವರ್ಷದಿಂದ ಹೀಗೆ ನಿಲ್ಲುತ್ತಿದ್ದಳೋ ನಾನು ಗಮನಿಸಿಯೇ ಇರಲಿಲ್ಲ. ಹೆತ್ತವಳ ಕಣ್ಣಿಗೆ ಬೀಳದ್ದು ಕೂಲಿಗೆ ಬಂದವಳ ಕಣ್ಣಿಗೆ ಬಿತ್ತು. ಅಂದಿನಿಂದ ಅವಳಿಗೂ ಸಂಬಳವಿದೆ. ಪಾಲಿನ ವಿಚಾರ ನನ್ನ ತಲೆಯಲ್ಲಿ ಮೊಳೆತದ್ದೂ ಆ ರಾತ್ರಿಯೇ.

ಅಣ್ಣ ಆಡಿದ್ದು ಬಹಳ ಹಳೆಯ ಮಾತು. ಹುಟ್ಟುಕುರುಡರಿಗೆ, ಕಿವುಡರಿಗೆ, ಬುದ್ಧಿ ಬೆಳೆಯದವರಿಗೆ ಆಸ್ತಿಯಲ್ಲಿ ಹಕ್ಕಿಲ್ಲ, ಅನ್ನ ವಸ್ತ್ರ ಮಾತ್ರ ಎಂಬ ಕಟ್ಟಳೆ ಧರ್ಮಶಾಸ್ತ್ರದಲ್ಲೇ ಇತ್ತು. ಕಾನೂನು ಅದನ್ನು ಎಂದೋ ಬಿಟ್ಟಿದೆ. ರೋಗ, ಊನ, ವಿಕಾರ ಯಾವುದರ ಕಾರಣಕ್ಕೂ ಯಾರನ್ನೂ ಉತ್ತರಾಧಿಕಾರದಿಂದ ಹೊರಗಿಡುವಂತಿಲ್ಲ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮಿನಲ್ಲಿದೆ. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಹಾಗಿರುವಾಗ ನಾವು ಅವಳಿಗೆ ಪಾಲು ಕೊಡುತ್ತಿದ್ದೇವೆ ಎನ್ನುವುದೇ ತಪ್ಪು. ಇರುವುದನ್ನು ಕಿತ್ತುಕೊಳ್ಳದೆ ಬಿಡುತ್ತಿದ್ದೇವೆ, ಅಷ್ಟೇ.

"ಅವಳ ಹೆಸರಿನಲ್ಲಿಟ್ಟರೆ ಯಾರಾದರೂ ನುಂಗಿಹಾಕುತ್ತಾರೆ" ಎನ್ನುವವರೂ ಇದ್ದಾರೆ. ಆ ಹೆದರಿಕೆ ನನಗೂ ಇತ್ತು. ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಕಾನೂನಿನ ಕಣ್ಣಿನಲ್ಲಿ ತಂದೆ ತಾಯಿ ತಾವಾಗಿ ಪೋಷಕರಾಗಿ ಮುಂದುವರಿಯುವುದಿಲ್ಲ ಎಂಬುದು ನಮಗೆ ತಿಳಿದದ್ದೇ ತಡವಾಗಿ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಹಾಗೆ ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಆಸ್ತಿ ದುರುಪಯೋಗವಾದರೆ, ಆರೈಕೆಯಲ್ಲಿ ನಿರ್ಲಕ್ಷ್ಯವಾದರೆ ಅವರನ್ನು ತೆಗೆಯಿಸಲು ಬಂಧುಗಳೂ ಅರ್ಜಿ ಕೊಡಬಹುದು. ಇದಕ್ಕಾಗಿ ಘಟ್ಟ ಇಳಿದು ಜಿಲ್ಲಾಕೇಂದ್ರ ಕಾರವಾರಕ್ಕೆ ಎರಡು ಸಲ ಹೋಗಿಬಂದೆವು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಅವಳು ವಾಂತಿ ಮಾಡಿಕೊಂಡು ನನ್ನ ಮಡಿಲಲ್ಲಿ ಬಿದ್ದುಕೊಂಡಿದ್ದಳು. ಇಂಥ ಸಮಿತಿ ವರ್ಷಕ್ಕೆರಡು ಸಲವಾದರೂ ಘಟ್ಟದ ಮೇಲೆ ಬಂದು ಕುಳಿತುಕೊಳ್ಳಲಿ. ಆ ತಿರುವುಗಳನ್ನು ನಮ್ಮ ಮಕ್ಕಳಿಗಿಂತ ಅಧಿಕಾರಿಗಳ ಜೀಪು ಸುಲಭವಾಗಿ ಹತ್ತುತ್ತದೆ.

ಕೃಷಿಕರ ಮನೆಗೆ ಪಾಲು ಇನ್ನೊಂದು ಕಾರಣಕ್ಕೂ ಮುಖ್ಯ. ಕೇಂದ್ರ ಸರ್ಕಾರದ ನೌಕರನ ಮಗಳಾಗಿದ್ದು ದುಡಿದು ಬದುಕಲಾರದವಳಾದರೆ ಅಪ್ಪ ಅಮ್ಮನ ಕಾಲಾನಂತರ ಕುಟುಂಬ ಪಿಂಚಣಿ ಬರುತ್ತದೆ. ತೆರಿಗೆ ಕಟ್ಟುವ ಸಂಬಳದವರಿಗೆ, ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, ಇಂಥ ಮಕ್ಕಳ ಆರೈಕೆಗೆಂದು ಆದಾಯದಲ್ಲಿ 75 ಸಾವಿರ, ತೀವ್ರ ವೈಕಲ್ಯವಿದ್ದರೆ 1.25 ಲಕ್ಷ ರೂಪಾಯಿಯ ವಿನಾಯಿತಿ ಪಡೆಯುವ ದಾರಿಯಿದೆ. ಅಡಿಕೆಯ ಆದಾಯಕ್ಕೆ ತೆರಿಗೆಯೇ ಇಲ್ಲದ ಮೇಲೆ ಆ ವಿನಾಯಿತಿ ನಮಗೆ ಯಾವ ಉಪಯೋಗಕ್ಕೆ? ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷದವರೆಗೆ ಆಸ್ಪತ್ರೆಯ ಖರ್ಚು ಕೊಡುತ್ತದೆ, ಮಾಸಾಶನವೂ ಇದೆ. ಅವೆರಡರಿಂದಲೇ ಬದುಕು ನಡೆಯುವುದಿಲ್ಲ. ತೋಟವೇ ಅವಳ ಪಿಂಚಣಿ.

"ಮಾರಿ ಬೆಂಗಳೂರಿಗೆ ಹೋಗಿ, ಅಲ್ಲಿ ಸೌಲಭ್ಯವಿದೆ" ಎಂಬ ಸಲಹೆಯೂ ವರ್ಷಕ್ಕೊಮ್ಮೆ ಬರುತ್ತದೆ. ಚಿಕ್ಕ ಮಗುವಾಗಿದ್ದಾಗ ಹೋಗಬೇಕಿತ್ತೇನೋ. ಇಲ್ಲಿ ಮಾತಿನ ತರಬೇತಿ ಕೊಡುವವರೇ ಇರಲಿಲ್ಲ, ಆ ನೋವು ನನಗಿದೆ. ಈಗ ಅವಳನ್ನು ಕಿತ್ತುಕೊಂಡು ಹೋದರೆ ಗೋಟು ಎಲ್ಲಿ ಹೆಕ್ಕುತ್ತಾಳೆ? ಹಾಗೆಂದು ಹಳ್ಳಿಯಲ್ಲಿ ಜನರಿದ್ದಾರೆ, ಹೇಗೋ ನಡೆದುಹೋಗುತ್ತದೆ ಎಂದೂ ನಾನು ಹೇಳುವುದಿಲ್ಲ. ನಮ್ಮ ಕೇರಿಯಲ್ಲಿ ಹನ್ನೊಂದು ಮನೆ. ಏಳರಲ್ಲಿ ಮುದುಕ ಮುದುಕಿ ಇಬ್ಬರೇ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ನನ್ನ ಮಣಿಕಟ್ಟು ಮುರಿಯಿತು. ನನ್ನ ಕೈಯಿಂದಲ್ಲದೆ ಗುಳಿಗೆ ನುಂಗದಂತೆ ಅವಳನ್ನು ಬೆಳೆಸಿದ್ದವಳು ನಾನೇ. ಗುಳಿಗೆ ತಪ್ಪಿ ಮೂರನೆಯ ದಿನ ಅವಳಿಗೆ ಫಿಟ್ಸ್ ಬಂತು. ಆ ಮೇಲೆ, ಸಂಬಳ ಕೇಳಿದ ಅದೇ ಹೆಂಗಸಿನ ಕೈಯಿಂದ ಗುಳಿಗೆ ಕೊಡಿಸುವ ಅಭ್ಯಾಸ ಮಾಡಿಸಿದೆ. ನಾಲ್ಕು ತಿಂಗಳು ಹಿಡಿಯಿತು. ಈಗ ತಿಂಗಳಲ್ಲಿ ಎರಡು ದಿನ ನಾವಿಬ್ಬರೂ ಬೇಕೆಂದೇ ಮನೆ ಬಿಟ್ಟು ಹೋಗುತ್ತೇವೆ. ನಮ್ಮ ನಂತರವೂ ಆ ಹೆಂಗಸಿಗೋ ಅವಳಂಥ ಇನ್ನೊಬ್ಬಳಿಗೋ ಮಗಳ ಪಾಲಿನ ಆದಾಯದಿಂದಲೇ ಮರ್ಯಾದೆಯ ಸಂಬಳ ಹೋಗಬೇಕು, ಯಾರ ಕರುಣೆಯಿಂದಲೂ ಬೇಡ.

ನಮ್ಮ ಯಜಮಾನರು ಮೊದಲು ಒಪ್ಪಿರಲಿಲ್ಲ. "ಎಲೆಚುಕ್ಕೆ ರೋಗ ಬಂದರೆ? ದರ ಬಿದ್ದರೆ?" ಎಂದರು. ಬರಬಹುದು, ಬೀಳಬಹುದು. ಮಾಣಿಯ ಪಾಲಿಗೂ ಅದೇ ರೋಗ, ಅದೇ ದರ. ಪುಣೆಯಿಂದ ಮಾಣಿಯೇ ಫೋನಿನಲ್ಲಿ ಹೇಳಿದ: "ಅಪ್ಪಾ, ಮನೆಯ ಹಿಂದಿನ ತುಂಡು ತಂಗಿಗಿರಲಿ. ಅವಳಿಗೆ ಅಲ್ಲಿಯ ದಾರಿ ಗೊತ್ತು." ಮೂರೂವರೆ ಎಕರೆಯಲ್ಲಿ ಆ ಒಂದು ಎಕರೆ ಹತ್ತು ಗುಂಟೆ ಅವಳ ಹೆಸರಿಗೆ. ಜಮೀನು ಪಾಲು ಮಾಡಿ ನೋಂದಾಯಿಸಲು ಬೇಕಾದ ಸರ್ವೆಯ 11ಇ ನಕ್ಷೆಗೆ ಅರ್ಜಿ ಕೊಟ್ಟಾಗಿದೆ.

ನಿನ್ನೆ ಅಣ್ಣನಿಗೆ ಫೋನ್ ಮಾಡಿದೆ. ಪಾಲುಪತ್ರದ ನೋಂದಣಿಯ ದಿನ ಸಾಕ್ಷಿಯ ಸಹಿಗೆ ನೀನೇ ಬರಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಎಷ್ಟು ಗಂಟೆಗೆ ಎಂದು ಕೇಳಿದ.