ಮಿಲಿಮೀಟರು, ನಿಮಿಷ ಮತ್ತು ಒಂದು ಮಾವಿನ ವಾಟೆ

ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವವರ ಲೆಕ್ಕವೆಲ್ಲ ಮಿಲಿಮೀಟರಿನಲ್ಲಿ ನಡೆದರೆ, ಗಾಡಿ ಓಡಿಸುವವರ ಲೆಕ್ಕವೆಲ್ಲ ನಿಮಿಷದಲ್ಲಿ ನಡೆಯುತ್ತದೆ. ಎರಡು ಹಳಿಗಳ ನಡುವೆ 1676 ಮಿಲಿಮೀಟರು ಇದೆಯೋ ಇಲ್ಲವೋ ಎಂಬುದು ಮೊದಲನೆಯವರ ಪಾಲಿಗೆ ಜೀವನ್ಮರಣದ ಪ್ರಶ್ನೆ. ಎರಡನೆಯವರಿಗೆ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂಬುದರ ಹೊರತು ಬೇರೆ ಚಿಂತೆಯಿಲ್ಲ. ನಾನು ಈ ಎರಡೂ ಮನೆಗಳ ಅನ್ನ ಉಂಡವನು. ಕೆಲಸಕ್ಕೆ ಸೇರಿದ್ದು ಹಳಿ ರಿಪೇರಿಯ ಗ್ಯಾಂಗಿಗೆ. ಹೆಗಲ ಮೇಲೆ ಹಾರೆ, ಕಾಲ ಕೆಳಗೆ ಜಲ್ಲಿ, ತಲೆಯ ಮೇಲೆ ಬಿಸಿಲು. ಆಮೇಲೆ ಅರ್ಜಿ ಹಾಕಿ, ಮೊದಲಿಗಿಂತ ಕಟ್ಟುನಿಟ್ಟಾದ ಕಣ್ಣಿನ ತಪಾಸಣೆಯನ್ನೂ ದಾಟಿ, ಗಾಡಿಯ ದಾರಿ ಬದಲಿಸುವ ಪಾಯಿಂಟುಗಳನ್ನು ನೋಡಿಕೊಳ್ಳುವ, ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಆದೆ. ಅಂದಿನಿಂದ ಗ್ಯಾಂಗಿನವರು ನನ್ನನ್ನು ಆಚೆ ಹೋದವನೆಂದೂ ಸ್ಟೇಷನ್ನಿನವರು ಆಚೆಯಿಂದ ಬಂದವನೆಂದೂ ಗುರುತಿಸುತ್ತಾರೆ. ಒಟ್ಟಿನಲ್ಲಿ ಈಚೆಯವನೆಂದು ಯಾರೂ ಹೇಳಿದ್ದಿಲ್ಲ.

ಇದರ ಪ್ರಯೋಜನ ತಿಳಿಯುವುದು ಲೈನ್ ಬ್ಲಾಕ್ ಇರುವ ದಿನ. ಹಳಿಯ ಕೆಲಸಕ್ಕಾಗಿ ಗಾಡಿಗಳನ್ನು ತಡೆದು ಇಂತಿಷ್ಟು ಹೊತ್ತು ಮಾರ್ಗವನ್ನು ಬಿಟ್ಟುಕೊಡುವುದೇ ಬ್ಲಾಕ್. ಎಂಜಿನಿಯರಿಂಗಿನವರು ಎರಡು ಗಂಟೆ ಕೇಳುತ್ತಾರೆ, ಗಾಡಿಗಳ ಓಡಾಟವನ್ನು ನಿಯಂತ್ರಿಸುವ ಕಂಟ್ರೋಲಿನವರು ಮುಕ್ಕಾಲು ಗಂಟೆ ಕೊಡುತ್ತಾರೆ, ಆ ಮುಕ್ಕಾಲು ಗಂಟೆಯ ಕೊನೆಯ ಭಾಗದಲ್ಲಿ ಸ್ಟೇಷನ್ ಮಾಸ್ಟರು ನನ್ನನ್ನು ಓಡಿಸುತ್ತಾರೆ. ‘ಇನ್ನೆಷ್ಟು ಹೊತ್ತು ಆಗುತ್ತದೆ ಎಂದು ಕೇಳಿಕೊಂಡು ಬಾ’ ಎಂಬುದು ಅವರ ಆಜ್ಞೆ. ನಾನು ಹೋಗಿ ಗ್ಯಾಂಗಿನ ಮುಖ್ಯಸ್ಥರಾದ ಮೇಟಿಯವರನ್ನು ಕೇಳಿದರೆ, ಅವರು ಮಟ್ಟದ ಹಲಗೆಯಿಂದ ಕಣ್ಣು ಕೀಳದೆಯೇ, ‘ಇನ್ನೊಂದು ಮೂರು ಮಿಲಿಮೀಟ್ರು ಕಣಯ್ಯಾ’ ಎನ್ನುತ್ತಾರೆ. ಇದನ್ನು ಇದ್ದ ಹಾಗೆಯೇ ಮಾಸ್ಟರಿಗೆ ಒಪ್ಪಿಸಿದರೆ ಅವರು ಕುರ್ಚಿಯಿಂದ ಎದ್ದುಬಿಡುತ್ತಾರೆ. ಗ್ಯಾಂಗಿನಲ್ಲಿ ಬೆವರು ಸುರಿಸಿದವನಾದ್ದರಿಂದ ನನಗೆ ಮೂರು ಮಿಲಿಮೀಟರಿಗೆ ಎಷ್ಟು ನಿಮಿಷವೆಂಬುದು ಗೊತ್ತು. ‘ಹತ್ತು ನಿಮಿಷ ಸಾರ್’ ಎನ್ನುತ್ತೇನೆ. ಮಾಸ್ಟರು ಕಂಟ್ರೋಲಿಗೆ ‘ಐದು ನಿಮಿಷ ಸಾರ್’ ಎನ್ನುತ್ತಾರೆ. ಕೆಲಸ ಹದಿನೈದಕ್ಕೆ ಮುಗಿಯುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಲಿನವರ ರಕ್ತದೊತ್ತಡವನ್ನು ಗಮನದಲ್ಲಿ ಇಟ್ಟುಕೊಂಡಿರುತ್ತಾರೆ, ಅಷ್ಟೆ.

ಮಿಲಿಮೀಟರಿನವರೂ ನಿಮಿಷದವರೂ ಎದುರುಬದುರಾಗಿ ಕೂರುವ ಜಾಗವೆಂದರೆ ಪಾಯಿಂಟು. ಗಾಡಿ ಮೇನ್ ಲೈನಿನಲ್ಲಿ ನೇರವಾಗಿ ಹೋಗಬೇಕೋ ಪಕ್ಕದ ಲೂಪ್ ಲೈನಿಗೆ ತಿರುಗಬೇಕೋ ಎಂಬುದನ್ನು ಅಲ್ಲಿರುವ ಟಂಗ್ ರೈಲು, ಅಂದರೆ ಅತ್ತಿತ್ತ ಸರಿಯುವ ಚೂಪು ತುದಿಯ ಹಳಿ, ನಿರ್ಧರಿಸುತ್ತದೆ. ಅದು ಪಕ್ಕದ ಸ್ಟಾಕ್ ರೈಲಿಗೆ, ಅಂದರೆ ಅಲುಗದ ಹಳಿಗೆ, ಸರಿದು ಒತ್ತಿ ಕೂರಬೇಕು. ತುದಿಯಿಂದ 150 ಮಿಲಿಮೀಟರು ಒಳಗೆ 5 ಮಿಲಿಮೀಟರು ದಪ್ಪದ ಪಟ್ಟಿಯೊಂದನ್ನು ಇವೆರಡರ ನಡುವೆ ಇಟ್ಟು ಪರೀಕ್ಷೆ ಮಾಡುತ್ತಾರೆ. ಪಟ್ಟಿ ಇರುವಾಗ ಪಾಯಿಂಟು ಲಾಕ್ ಆಗಲೇಕೂಡದು, ಸಿಗ್ನಲ್ಲೂ ದಾರಿ ಕೊಡಕೂಡದು. ಕೊಟ್ಟರೆ ಆ ಪಾಯಿಂಟನ್ನು ನಂಬುವಂತಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಸ್ಟೇಷನ್ನಿನ ಪಾಯಿಂಟು ಈ ಪರೀಕ್ಷೆಯನ್ನು ತಾನಾಗಿಯೇ ಬರೆಯಿತು. ಮಾಸ್ಟರು ಪ್ಯಾನಲ್ಲಿನ ಗುಂಡಿ ಒತ್ತಿದರು, ದೂರದಲ್ಲಿ ಮೋಟಾರು ಗುಂಯ್ ಎಂದಿತು, ಪ್ಯಾನಲ್ಲಿನಲ್ಲಿ ದೀಪ ಮಿಣುಕತೊಡಗಿತೇ ವಿನಾ ಸ್ಥಿರವಾಗಲಿಲ್ಲ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಮತ್ತದೇ ಮಿಣುಕು. ಸ್ಟೇಷನ್ನಿನ ಪ್ರವೇಶಕ್ಕಿರುವ ಹೋಮ್ ಸಿಗ್ನಲ್ಲಿನ ಹೊರಗೆ ಪ್ಯಾಸೆಂಜರು ಗಾಡಿ ಬಂದು ನಿಂತು ಹಾರನ್ ಹಾಕತೊಡಗಿತು. ಇಂಥ ಹೊತ್ತಿನಲ್ಲಿ ಬೀಗ ಹಾಕಿಟ್ಟಿರುವ ಕ್ರ್ಯಾಂಕ್ ಹ್ಯಾಂಡಲನ್ನು ಹೊರತೆಗೆದು, ಮೋಟಾರನ್ನು ಕೈಯಿಂದ ತಿರುಗಿಸಿ, ಪಾಯಿಂಟನ್ನು ಕ್ಲಾಂಪು ಮಾಡಿ, ಬೀಗ ಜಡಿದು, ಲೋಕೋ ಪೈಲಟ್ಟರಿಗೆ ಟಿ/369 (3ಬಿ) ಎಂಬ ಚೀಟಿ ಕೊಟ್ಟು, ಕೆಂಪು ಸಿಗ್ನಲ್ಲಿನ ಬುಡದಲ್ಲಿ ಹಸಿರು ಬಾವುಟ ಹಿಡಿದು ಗಾಡಿಯನ್ನು ಒಳಗೆ ಕರೆದುಕೊಳ್ಳುವ ಭರ್ಜರಿ ವಿಧಾನವೊಂದಿದೆ. ಆ ವಿಧಾನದ ಕಾಗದಗಳೆಲ್ಲ ಮೇಜಿನ ಮೇಲೆ ಸಿದ್ಧವಾಗುತ್ತಿರುವಾಗ ನಾನು ಓಡಿ ಹೋಗಿ ಬಗ್ಗಿ ನೋಡಿದೆ. ಟಂಗ್ ರೈಲಿಗೂ ಸ್ಟಾಕ್ ರೈಲಿಗೂ ನಡುವೆ, ಚೆನ್ನಾಗಿ ಚೀಪಿ, ನಾರೆಲ್ಲ ಬಾಚಿದಂತೆ ಒಂದೇ ಕಡೆಗೆ ವಾಲಿದ್ದ ಮಾವಿನ ವಾಟೆಯೊಂದು ಕುಳಿತಿತ್ತು.

ಎಷ್ಟೋ ಕಿಲೋಮೀಟರು ಉದ್ದದ ಹಳಿಯ ಪಕ್ಕದಲ್ಲಿ ಬೀಳಲು ಬೇಕಾದಷ್ಟು ಜಾಗವಿರುವಾಗ, ಹಿಂದಿನ ಗಾಡಿಯ ಯಾವುದೋ ಕಿಟಕಿಯಿಂದ ಹಾರಿದ ವಾಟೆ ಆ ಒಂದು ಗೇಣಿನ ಸಂದನ್ನು ಹುಡುಕಿಕೊಂಡು ಬಂದದ್ದು ಹೇಗೆಂದು ನನಗೆ ಈಗಲೂ ಆಶ್ಚರ್ಯ. ಮಾಸ್ಟರಿಗೆ ವಾಕಿಟಾಕಿಯಲ್ಲಿ ತಿಳಿಸಿ, ಅವರು ಹೂಂ ಎಂದ ಮೇಲೆ ವಾಟೆಯನ್ನು ಕಿತ್ತೆ. ಪಾಯಿಂಟು ಠಕ್ ಎಂದು ಕೂತಿತು. ಗಾಡಿ ಬಂತು, ಹೋಯಿತು. ನಿಜವಾದ ಕೆಲಸ ಶುರುವಾದದ್ದು ಅದಾದ ಮೇಲೆ.

ನಮ್ಮಲ್ಲಿ ಗಾಡಿ ಸುಮ್ಮನೆ ತಡವಾಗುವಂತಿಲ್ಲ. ತಡವಾದ ಪ್ರತಿಯೊಂದು ನಿಮಿಷವನ್ನೂ ಯಾವುದಾದರೂ ಇಲಾಖೆಯ ಖಾತೆಗೆ ಬರೆಯಬೇಕು, ಮತ್ತು ಯಾವ ಇಲಾಖೆಯೂ ತನ್ನ ಖಾತೆಗೆ ನಿಮಿಷವನ್ನು ಒಪ್ಪುವುದಿಲ್ಲ. ಮರುದಿನ ಸಿಗ್ನಲ್ಲಿನವರೂ ಹಳಿಯವರೂ ಬಂದು ಮಾಸ್ಟರ ಸಮ್ಮುಖದಲ್ಲಿ ಜಂಟಿ ತಪಾಸಣೆ ನಡೆಸಿದರು. ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದ ವಾಟೆಯನ್ನು ಸಾಕ್ಷಿಯಾಗಿ ಮೇಜಿನ ಮೇಲೆ ಹಾಜರುಪಡಿಸಲಾಯಿತು. ಸಿಗ್ನಲ್ಲಿನ ಸಾಹೇಬರು, ಅಡ್ಡಿಯಿದ್ದಾಗ ಲಾಕ್ ಆಗದಿರುವುದು ತಮ್ಮ ಮೋಟಾರಿನ ಸದ್ಗುಣವೆಂದೂ ಅದಕ್ಕೆ ಬಹುಮಾನ ಕೊಡಬೇಕೆಂದೂ ವಾದಿಸಿದರು. ಹಳಿಯ ಸಾಹೇಬರು ಟಂಗ್ ರೈಲಿನ ಸಂದನ್ನು ಅಳೆದು, ಮಿಲಿಮೀಟರುಗಳೆಲ್ಲ ಇರಬೇಕಾದಲ್ಲಿಯೇ ಇವೆಯೆಂದೂ, ಮೇಲಿಂದ ಬೀಳುವ ಹಣ್ಣುಹಂಪಲು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದೂ ಹೇಳಿದರು. ಮಾಸ್ಟರು, ಮಾವಿನಹಣ್ಣು ತಿಂದವರು ಟಿಕೆಟ್ಟು ಕೊಂಡವರಾದ್ದರಿಂದ ಇದು ಕಮರ್ಷಿಯಲ್ಲಿನವರಿಗೆ ಸೇರಬೇಕೆಂದು ಸೂಚಿಸಿದರು. ಕಮರ್ಷಿಯಲ್ಲಿನವರು ಅಲ್ಲಿ ಇರಲಿಲ್ಲವಾದ್ದರಿಂದ ಆ ಸಲಹೆ ಎಲ್ಲರಿಗೂ ಹಿಡಿಸಿತು.

ಅಷ್ಟರಲ್ಲಿ ಮಾತು ಜಾಡು ಬದಲಿಸಿತು. ಸಿಗ್ನಲ್ಲಿನ ಸಾಹೇಬರು ಶ್ರೀನಿವಾಸಪುರದ ಕಡೆಯವರು. ಮಾವಿನ ವಿಷಯದಲ್ಲಿ ಆ ಕಡೆಯವರ ಮುಂದೆ ಬಾಯಿ ತೆರೆಯುವುದೇ ತಪ್ಪು. ಹಳಿಯ ಸಾಹೇಬರು ಅದು ಗೊತ್ತಿಲ್ಲದೆ, ವಾಟೆಯನ್ನು ಪೆನ್ನಿನ ತುದಿಯಿಂದ ಹೊರಳಿಸಿ, ‘ನೀಲಂ ಇರಬೇಕು’ ಎಂದುಬಿಟ್ಟರು. ‘ನೀಲಂ ಬರೋದು ಮಳೆ ಹಿಡಿದ ಮೇಲೆ ಸ್ವಾಮಿ! ಇದು ಏಪ್ರಿಲ್ಲು!’ ಎಂದು ಇವರು ಮೇಜು ಕುಟ್ಟಿದರು. ಬಾದಾಮಿಯಾದರೆ ಇಷ್ಟು ನಾರಿರದು, ರಸಪುರಿಯಾದರೆ ಇಷ್ಟು ದಪ್ಪವಿರದು, ಆದ್ದರಿಂದ ಇದು ಯಾವುದೋ ನಾಟಿ ಹಣ್ಣೇ ಸೈ ಎಂಬ ತೀರ್ಮಾನಕ್ಕೆ ಬರುವ ಹೊತ್ತಿಗೆ ಎರಡು ಸಲ ಕಾಫಿಯಾಗಿತ್ತು. ಕೊನೆಗೆ ಮೂವರ ಸಹಿಯೊಂದಿಗೆ ಸಿದ್ಧವಾದ ಜಂಟಿ ಟಿಪ್ಪಣಿಯಲ್ಲಿ ತಳಿಯ ಹೆಸರಾಗಲಿ ಹಣ್ಣಿನ ಹೆಸರಾಗಲಿ ಇರಲಿಲ್ಲ. ‘ಹೊರಗಿನ ವಸ್ತು’ ಎಂದಷ್ಟೇ ಬರೆದಿತ್ತು. ಒಂದಿಡೀ ಬೆಳಗಿನ ಪಾಂಡಿತ್ಯವನ್ನು ಎರಡು ಪದಕ್ಕೆ ಇಳಿಸಬಲ್ಲ ಗದ್ಯವನ್ನು ನಾನು ರೈಲ್ವೆಯ ಹೊರಗೆ ಎಲ್ಲೂ ಕಂಡಿಲ್ಲ.

ಖಾತೆಯ ಪ್ರಶ್ನೆ ಇದಕ್ಕಿಂತ ಕಠಿಣವಾಗಿ ಕಾಡಿದ್ದು ನಾನು ಘಾಟಿಯ ಸ್ಟೇಷನ್ನೊಂದರಲ್ಲಿದ್ದಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಏರು ಐವತ್ತಕ್ಕೆ ಒಂದು, ಅಂದರೆ ಐವತ್ತು ಮೀಟರು ಸಾಗಿದರೆ ಒಂದು ಮೀಟರು ಮೇಲಕ್ಕೆ. ಕಣ್ಣಿಗೆ ಇದು ಏರೆಂದೇ ಕಾಣುವುದಿಲ್ಲ, ಆದರೆ ತುಂಬಿದ ಗೂಡ್ಸು ಗಾಡಿ ಹತ್ತಬೇಕಾದರೆ ಹಿಂದಿನಿಂದಲೂ ಎಂಜಿನ್ನುಗಳು ತಳ್ಳಬೇಕು. ಅಂಥ ಗಾಡಿಯನ್ನು ಏರಿನಲ್ಲಿ ನಿಲ್ಲಿಸುವ ಪಾಪವನ್ನು ತಿಳಿದವರು ಯಾರೂ ಕಟ್ಟಿಕೊಳ್ಳುವುದಿಲ್ಲ.

ನಮ್ಮ ನಿಯಮ ಪುಸ್ತಕದಲ್ಲಿ ಕೈಸನ್ನೆಗಳಿಗೆ ಸ್ಪಷ್ಟ ಅರ್ಥಗಳಿವೆ. ಹಸಿರು ಬಾವುಟವನ್ನು ಅಲುಗಾಡಿಸದೆ ಹಿಡಿದರೆ ಹೋಗು. ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಎಚ್ಚರಿಕೆಯಿಂದ ಹೋಗು. ಕೆಂಪು ಬಾವುಟವಿಲ್ಲದಿದ್ದರೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಬೇಕು, ಅದರರ್ಥ ನಿಲ್ಲು. ದುರದೃಷ್ಟಕ್ಕೆ, ಬೆಂಗಳೂರಿನಿಂದ ಚಾರಣಕ್ಕೆಂದು ಬರುವ ಹುಡುಗರು ಸೇತುವೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವಾಗಲೂ ಎರಡೂ ಕೈಗಳನ್ನು ತಲೆಯ ಮೇಲಕ್ಕೇ ಎತ್ತುತ್ತಾರೆ. ಹಳಿಯ ಮೇಲೆ ಹೀಗೆ ನಡೆಯುವುದು ರೈಲ್ವೆ ಕಾಯ್ದೆಯ 147ನೆಯ ಸೆಕ್ಷನ್ನಿನ ಪ್ರಕಾರ ಅಪರಾಧವೆಂದು ಹೇಳಿದರೆ, ‘ಒಂದೇ ಒಂದು ಅಂಕಲ್’ ಎನ್ನುತ್ತಾರೆ. ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಸುರಂಗದಿಂದ ಹೊರಬಂದ ಗೂಡ್ಸಿನ ಲೋಕೋ ಪೈಲಟ್ಟರಿಗೆ, ತಿರುವಿನಾಚೆ ಕಿತ್ತಳೆ ಬಣ್ಣದ ಅಂಗಿಯವನೊಬ್ಬ ಎರಡೂ ಕೈ ಎತ್ತಿ ನಿಂತದ್ದು ಕಾಣಿಸಿತು. ಕಿತ್ತಳೆ ನಮ್ಮ ಗ್ಯಾಂಗಿನವರ ಜಾಕೆಟ್ಟಿನ ಬಣ್ಣ. ಮುಂದೆ ಗುಡ್ಡ ಕುಸಿದಿದೆಯೆಂದೇ ತಿಳಿದ ಅವರು, ನಿಯಮ ಹೇಳಿದಂತೆ ಗಾಡಿ ನಿಲ್ಲಿಸಿದರು. ಅವರು ತಲೆ ಹೊರಹಾಕಿ ‘ಏನಾಯ್ತು?’ ಎಂದು ಕೂಗಿದರೆ, ಆ ಹುಡುಗ ಅತ್ಯಂತ ವಿನಯದಿಂದ, ‘ಏನಿಲ್ಲ ಸಾರ್, ನೀವು ಹೋಗಿ’ ಎಂದನಂತೆ.

ಹೋಗಿ ಎಂದರೆ ಹೋಗುವುದಕ್ಕೆ ಅದು ಸೈಕಲ್ಲೇ? ಒದ್ದೆ ಹಳಿಯಲ್ಲಿ ಚಕ್ರಗಳು ಇದ್ದಲ್ಲೇ ಸುತ್ತತೊಡಗಿದವು. ಮರಳು ಬಿಟ್ಟು, ಹಿಂದಿನ ಎಂಜಿನ್ನಿನವರೊಂದಿಗೆ ಮಾತಾಡಿಕೊಂಡು, ಗಾಡಿ ಮತ್ತೆ ಹೊರಡುವ ಹೊತ್ತಿಗೆ ಹಿಂದಿನ ಸ್ಟೇಷನ್ನಿನಲ್ಲಿ ಇನ್ನೊಂದು ಗಾಡಿ ಕಾದು ನಿಂತಿತ್ತು. ಕಂಟ್ರೋಲಿನವರು ನಮ್ಮ ಮಾಸ್ಟರಿಗೆ ಫೋನು ಮಾಡಿ, ‘ಯಾರ ಖಾತೆಗೆ ಹಾಕಲಿ?’ ಎಂದರು. ಹಳಿ ಚೆನ್ನಾಗಿತ್ತು, ಸಿಗ್ನಲ್ಲು ಚೆನ್ನಾಗಿತ್ತು, ಎಂಜಿನ್ನು ಚೆನ್ನಾಗಿತ್ತು, ಲೋಕೋ ಪೈಲಟ್ಟರು ಮಾಡಿದ್ದೂ ಸರಿಯಾಗಿತ್ತು. ನಮ್ಮ ಮಾಸ್ಟರು ಸ್ವಲ್ಪ ಯೋಚಿಸಿ, ‘ಪ್ರವಾಸೋದ್ಯಮಕ್ಕೆ ಹಾಕಿ ಸಾರ್’ ಎಂದರು.

ಬಾವುಟದ ವಿಷಯ ಬಂದಿದ್ದರಿಂದ ನಮ್ಮ ಸೋದರಮಾವನನ್ನು ನೆನೆಯದೆ ಇರಲಾಗುವುದಿಲ್ಲ. ಆಲೂರಿನ ಆಚೆ ಅವರ ಊರು. ಹಳಿ ಅವರ ಗದ್ದೆಯ ಬದುವನ್ನು ಸವರಿಕೊಂಡೇ ಹೋಗುತ್ತದೆ, ಆದರೆ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಮಗಳ ಮದುವೆಗೆ ಬೀಗರೂರಿಗೆ ಹೊರಡಬೇಕಾದಾಗ ಮಾವ ಹಿಂದಿನ ವಾರವೇ ಮನೆಗೆ ಬಂದರು. ‘ಕೆಂಪು ಬಾವುಟ ನಿನ್ನ ಕೈಲೇ ಇರ್ತದಲ್ಲೋ. ಒಂದು ನಿಮಿಷ ತೋರಿಸ್ದ್ರೆ ನಿನ್ನ ಗಂಟೇನು ಹೋಗ್ತದೆ? ಹೆಣ್ಣಿನ ಕಡೆಯೋರು ಹತ್ಕೊಂಬಿಡ್ತೀವಿ’ ಎಂದರು. ಒಂದು ನಿಮಿಷಕ್ಕೆ ಖಾತೆ ಬೇಕಾಗುತ್ತದೆ, ಖಾತೆಗೆ ಟಿಪ್ಪಣಿ ಬೇಕಾಗುತ್ತದೆ, ಟಿಪ್ಪಣಿಗೆ ಮೂರು ಸಹಿ ಬೇಕಾಗುತ್ತದೆ, ಅಷ್ಟರಲ್ಲಿ ನನ್ನ ಕೆಲಸ ಹೋಗಿರುತ್ತದೆ ಎಂದು ನಾನು ವಿವರಿಸಿದ್ದನ್ನೆಲ್ಲ ಅವರು ಕೇಳಿಸಿಕೊಂಡು, ನಮ್ಮ ಅತ್ತೆಯ ಕಡೆ ತಿರುಗಿ, ‘ಇವನು ನಮ್ಮೋರಿಗೆ ಆಗೋನಲ್ಲ ಬಾರೇ’ ಎಂದು ಎದ್ದರು.

ಮದುವೆಯ ದಿಬ್ಬಣ ಖಾಸಗಿ ಬಸ್ಸಿನಲ್ಲಿ ಹೊರಟಿತು. ಅಂದು ನನಗೆ ಹಗಲು ಪಾಳಿ. ಕೆಲಸ ಮುಗಿಸಿ ಫೋನು ತೆರೆದರೆ ಮಾವನ ಕರೆಗಳು ಸಾಲಾಗಿ ನಿಂತಿದ್ದವು. ಗಾಬರಿಯಿಂದ ಫೋನು ಮಾಡಿದೆ. ಹಿಂದೆ ನಾದಸ್ವರದ ಸದ್ದಿನ ನಡುವೆ ಮಾವ ಕೂಗಾಡುತ್ತಿದ್ದರು. ದಾರಿಯ ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಬಿದ್ದು, ಅವರು ಹತ್ತಬೇಕೆಂದಿದ್ದ ಅದೇ ಗಾಡಿ ಕಣ್ಣೆದುರಿಗೆ ಹಾದುಹೋಗುವವರೆಗೂ ಬಸ್ಸು ಅಲ್ಲಿಯೇ ನಿಂತಿತ್ತಂತೆ.

‘ನಮಗೋಸ್ಕರ ರೈಲು ನಿಲ್ಸು ಅಂದ್ರೆ ಆಗಲ್ಲ ಅಂದೆ. ರೈಲಿಗೋಸ್ಕರ ನಮ್ಮ ಬಸ್ಸು ನಿಲ್ಸಿದೀಯಲ್ಲೋ!’