ಲಾಕ್ ಫೈಲ್ ಡಿಲೀಟ್ ಮಾಡ್ಬೇಡಿ ಮಾರಾಯ್ರೆ

"ಉಬುಂಟು ಅಪ್‌ಡೇಟ್ ಫೇಲಾದ್ರೆ ಲಾಕ್ ಫೈಲ್ ಡಿಲೀಟ್ ಮಾಡಿ, ಸರಿಹೋಗತ್ತೆ" ಅಂತ ಒಂದು ಮೆಸೇಜ್ ಓಡಾಡ್ತಿದೆಯಲ್ಲ, ಅದು ತಪ್ಪು ಸಲಹೆ. ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಂನಲ್ಲಿ ಲಾಕ್ ಫೈಲ್ ಅಂದ್ರೆ ಒಂದೇ ಸಲಕ್ಕೆ ಎರಡು ಅಪ್‌ಡೇಟ್ ಓಡದ ಹಾಗೆ ತಡೆಯೋಕೆ ಇರೋ ಫೈಲು. ಆ ಫೈಲ್ ಯಾವಾಗ್ಲೂ ಅಲ್ಲೇ ಬಿದ್ದಿರತ್ತೆ, ಏನೂ ಓಡ್ದೇ ಇದ್ದಾಗ್ಲೂ. ಲಾಕ್ ಆಗೋದು ಫೈಲ್ ಇದೆ ಅಂತಲ್ಲ, ಯಾವ್ದೋ ಪ್ರೋಗ್ರಾಂ ಅದನ್ನ ಹಿಡ್ಕೊಂಡಿದೆ ಅಂತ, ಬಹಳ ಸಲ ಅದು ತೆರೆಮರೆಲಿ ತಾನಾಗೇ ನಡೀತಿರೋ ಸೆಕ್ಯೂರಿಟಿ ಅಪ್‌ಡೇಟೇ ಆಗಿರತ್ತೆ, ಉಬುಂಟು 20.04 ವರ್ಶನ್ ಇಂದೀಚೆಗೆ ಎರರ್‌ನಲ್ಲೇ ಹಾಗೆ ಹಿಡ್ಕೊಂಡಿರೋ ಪ್ರೋಗ್ರಾಂನ ಪ್ರೋಸೆಸ್ ನಂಬರು, ಹೆಸರು ಎರಡೂ ಬರತ್ತೆ ಆದ್ರೆ ಪೂರ್ತಿ ಓದೋರು ಯಾರು!

ಫೈಲ್ ಅಳಿಸಿದ್ರೆ ಏನಾಗತ್ತೆ ಅಂದ್ರೆ, ಎರಡನೇ ಅಪ್‌ಡೇಟ್ ಹೊಸ ಲಾಕ್ ಫೈಲ್ ಮಾಡ್ಕೊಂಡು ಒಳಗೆ ನುಗ್ಗತ್ತೆ, ಇಬ್ರೂ ಒಂದೇ ಪ್ಯಾಕೇಜ್ (ಸಾಫ್ಟ್‌ವೇರ್) ಪಟ್ಟಿ ಮೇಲೆ ಬರೆಯೋಕೆ ಹೋಗಿ ಎಲ್ಲಾ ಗಬ್ಬೆದ್ದು ಹೋಗಬಹುದು.

ಸುಮ್ನೆ ಹತ್ತು ನಿಮಿಷ ಕಾಯಿರಿ, ಒಂದು ಕಾಫಿ ಕುಡೀರಿ. ಮಧ್ಯದಲ್ಲಿ ಕರೆಂಟ್ ಹೋಗಿ ಅರ್ಧಕ್ಕೇ ನಿಂತಿದ್ರೆ ಮಾತ್ರ, ರೀಸ್ಟಾರ್ಟ್ ಆದ್ಮೇಲೆ ಟರ್ಮಿನಲ್‌ನಲ್ಲಿ "sudo dpkg --configure -a", ಆಮೇಲೆ "sudo apt --fix-broken install" ಅಂತ ಹೊಡೀರಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಬೂಟ್ ಪಾರ್ಟಿಶನ್‌ನಲ್ಲಿ (ಕಂಪ್ಯೂಟರ್ ಶುರುವಾಗೋಕೆ ಬೇಕಾದ ಫೈಲ್‌ಗಳಿರೋ ಡಿಸ್ಕ್ ಭಾಗ) ಹಳೇ ಕರ್ನಲ್‌ಗಳು, ಅಂದ್ರೆ ಸಿಸ್ಟಂನ ತಿರುಳಿನ ಹಳೇ ವರ್ಶನ್‌ಗಳು, ತುಂಬ್ಕೊಂಡು ಜಾಗ ಖಾಲಿಯಾಗಿದ್ಯಾ ಅಂತ "df -h" ಹೊಡೆದು ನೋಡಿ.