ಹಳೇ ಕಾರಿನ ಮೀಟರ್ ದೀಪಕ್ಕೆ ಎಲ್‌ಇಡಿ ಹಾಕಬೇಕಾ? ಅಳಿಯ ಹೌದು ಅಂತಾನೆ, ಮಾವ ಬೇಡ ಅಂತಾರೆ

ಪರ: ಹಾಕೋಣ, ಒಂದೇ ಸಲಕ್ಕೆ ಮುಗಿಸೋಣ

ಹಾಸನದಿಂದ ಸಕಲೇಶಪುರಕ್ಕೆ ಹೋಗುತ್ತಿದ್ದೆವು. ರಾತ್ರಿ ಎಂಟೂವರೆ ಇರಬಹುದು. ಮಾವನ 1999ರ ಮಾರುತಿ 800, ಓಡಿಸುತ್ತಿದ್ದವನು ನಾನು. ಮೀಟರಿನ ಅರ್ಧ ಭಾಗ ಪೂರ್ತಿ ಕತ್ತಲೆ, ಉಳಿದರ್ಧ ಮಂಕು. ಪೆಟ್ರೋಲ್ ಎಷ್ಟಿದೆ ಅಂತ ಗೊತ್ತಾಗದೆ ಪಕ್ಕದಲ್ಲಿ ಕೂತಿದ್ದ ಅಮ್ಮ ಮೊಬೈಲ್ ಟಾರ್ಚ್ ಹಿಡಿದು ಮುಳ್ಳು ನೋಡೋಕೆ ಹೋದರು. ಆ ಬೆಳಕು ಮೀಟರಿನ ಗಾಜಿಗೆ ಬಡಿದು ನೇರ ನನ್ನ ಕಣ್ಣಿಗೆ ಬಂತು. ಒಂದೆರಡು ಸೆಕೆಂಡ್ ರಸ್ತೆಯೇ ಕಾಣಲಿಲ್ಲ, ಎದುರಿಗೆ ಲಾರಿ ಬೇರೆ. ಅವತ್ತೇ ತೀರ್ಮಾನ ಮಾಡಿದೆ, ಈ ಬಲ್ಬುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಬೇಕು ಅಂತ.

ನನ್ನ ಮುಖ್ಯ ಮಾತು ಬೆಳಕಿನದ್ದಲ್ಲ, ಕೆಲಸದ್ದು. ಮೀಟರ್ ಬಲ್ಬಿಗೆ ದುಡ್ಡೇನೂ ಜಾಸ್ತಿ ಇಲ್ಲ. ಆದರೆ ಅದನ್ನು ಬದಲಿಸೋದು ಹೆಡ್‌ಲೈಟ್ ಬಲ್ಬ್ ಬದಲಿಸಿದಂತೆ ಅಲ್ಲ. ಮೊದಲು ಬ್ಯಾಟರಿಯ ವೈರ್ ಬಿಚ್ಚಬೇಕು. ಸ್ಟೇರಿಂಗ್ ಹಿಂದಿನ ಹೊದಿಕೆಯ ಸ್ಕ್ರೂ ತೆಗೆದು, ಮೀಟರನ್ನು ಸ್ವಲ್ಪ ಮುಂದಕ್ಕೆ ಎಳೆದು, ಆ ಸಂದಿಯಲ್ಲಿ ಕೈ ತೂರಿಸಿ ಸ್ಪೀಡೋಮೀಟರ್ ಕೇಬಲ್ ಕಳಚಬೇಕು. ಆಮೇಲೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕಪ್ಲರ್‌ಗಳು. ಇಪ್ಪತ್ತೈದು ವರ್ಷ ಬಿಸಿಲು ಕುಡಿದ ಪ್ಲಾಸ್ಟಿಕ್ ಅದು, ಕಪ್ಲರಿನ ಲಾಕ್ ಒತ್ತಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮೀಟರಿನ ಬೆನ್ನಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದರ ಮೇಲೆ ತಾಮ್ರದ ಗೆರೆಗಳು. ಒಂದು ಗೆರೆ ಬಿರುಕು ಬಿಟ್ಟರೆ ಒಂದು ದೀಪವೋ ಒಂದು ಮುಳ್ಳೋ ಹೋಯಿತು ಅಂತಲೇ ಲೆಕ್ಕ. ಅಂದರೆ ಪ್ರತಿ ಸಲ ಬಿಚ್ಚಿದಾಗಲೂ ಏನಾದರೂ ಒಂದು ಹಾಳಾಗುವ ಭಯ. ಇಂಥ ಜಾಗಕ್ಕೆ ಕೆಲವು ವರ್ಷಕ್ಕೆ ಸಾಯುವ ಬಲ್ಬನ್ನು ಮತ್ತೆ ಯಾಕೆ ಹಾಕಬೇಕು? ಒಳ್ಳೆಯ ಎಲ್‌ಇಡಿ ಹಾಕಿದರೆ ಈ ಕಾರಿನ ಉಳಿದ ಆಯಸ್ಸಿಗೆ ಮತ್ತೆ ಬಿಚ್ಚುವ ಕೆಲಸ ಬರದೇ ಇರಬಹುದು.

ಹಳೇ ಬಲ್ಬನ್ನು ಅಂಗೈ ಮೇಲಿಟ್ಟು ನೋಡಿದೆ. ಗಾಜಿನ ಒಳಗೋಡೆಗೆ ಬೂದು ಬಣ್ಣದ ಕನ್ನಡಿ ಕೂತ ಹಾಗಿತ್ತು. ಒಳಗಿನ ಟಂಗ್‌ಸ್ಟನ್ ತಂತಿ ಕಾದು ಕಾದು ಆವಿಯಾಗಿ ಗಾಜಿಗೆ ಹತ್ತಿಕೊಂಡಿರುವುದು ಅದು. ಬಲ್ಬು ಸಾಯುವ ಎಷ್ಟೋ ಮೊದಲೇ ಮಂಕಾಗೋದು ಇದೇ ಕಾರಣಕ್ಕೆ. ತಂತಿ ಬಲ್ಬಿಗೆ ಹೋಗುವ ಕರೆಂಟಿನಲ್ಲಿ ನೂರಕ್ಕೆ ಹತ್ತರಷ್ಟೂ ಬೆಳಕಾಗುವುದಿಲ್ಲ, ಉಳಿದದ್ದೆಲ್ಲ ಶಾಖ. ಟಿ10 ಗಾತ್ರದ ಮೀಟರ್ ಬಲ್ಬು ಸಾಮಾನ್ಯವಾಗಿ 3.4 ವ್ಯಾಟ್. ಕೇಳೋಕೆ ಚಿಕ್ಕದು, ಆದರೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಗಂಟೆಗಟ್ಟಲೆ ಉರಿದರೆ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಮೀಟರಿನಲ್ಲಿ ತಿರುಗಿತ್ತು, ಬೆರಳಿಟ್ಟು ತೋರಿಸಬಲ್ಲೆ. ಅದೇ ಜಾಗಕ್ಕೆ ಅರ್ಧದಿಂದ ಒಂದು ವ್ಯಾಟಿನ ಎಲ್‌ಇಡಿ ಸಾಕು. ಅಲುಗಾಟಕ್ಕೆ ತುಂಡಾಗೋಕೆ ಅದರಲ್ಲಿ ತಂತಿಯೇ ಇಲ್ಲ. ನಮ್ಮ ರಸ್ತೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಇನ್ನು ಚಾರ್ಜಿಂಗ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ನೂರಕ್ಕೆ ಐದು ಏರಿದರೂ ತಂತಿ ಬಲ್ಬಿನ ಆಯಸ್ಸು ಹೆಚ್ಚು ಕಡಿಮೆ ಅರ್ಧ ಆಗುತ್ತದೆ. ಆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹಳೇ ಗಾಡಿಯಲ್ಲಿ ಅಷ್ಟು ಕರಾರುವಾಕ್ಕಾಗಿ ಇರುತ್ತದಾ?

ಸಿಕ್ಕಿದ ಎಲ್‌ಇಡಿ ತಂದು ತುರುಕಿ ಅಂತ ನಾನು ಹೇಳುತ್ತಿಲ್ಲ. ಗಾತ್ರ ಮೊದಲು ನೋಡಬೇಕು. ಟಿ ಮುಂದಿನ ಅಂಕಿ ಗಾಜಿನ ದಪ್ಪ, ಮಿಲಿಮೀಟರಿನಲ್ಲಿ. ಟಿ10 ಅಂದರೆ 10 ಮಿಲಿಮೀಟರ್, ಟಿ5 ಅಂದರೆ 5. ಹಳೇ ಬಲ್ಬನ್ನೇ ಜೇಬಲ್ಲಿ ಹಾಕಿಕೊಂಡು ಅಂಗಡಿಗೆ ಹೋಗೋದು ಒಳ್ಳೆಯದು. ನಾನು ಬೆಂಗಳೂರಿನ ಜೆ.ಸಿ. ರಸ್ತೆಗೆ ಹಾಗೇ ಹೋದೆ. ಉದ್ದ ಜಾಸ್ತಿ ಇರುವ ಎಲ್‌ಇಡಿ ಬೇಡ, ಒಳಗೆ ತಾಗುತ್ತದೆ. ಮುಂದಕ್ಕೆ ಮಾತ್ರ ಉರಿಯುವುದಕ್ಕಿಂತ ಸುತ್ತಲೂ ಬೆಳಕು ಚೆಲ್ಲುವುದು ಬೇಕು. ಬಣ್ಣ ಬೆಚ್ಚಗಿನ ಬಿಳಿ, ಹಳದಿ ಕಡೆಗೆ ವಾಲಿದ್ದು. ಮೀಟರಿನ ಮುಖದಲ್ಲೇ ಹಸಿರು ಬಣ್ಣದ ಪದರ ಇದ್ದರೆ ಅದಕ್ಕೆ ಕೆಂಪು ಎಲ್‌ಇಡಿ ಹಾಕಿದವರು ಮೋಸ ಹೋಗುತ್ತಾರೆ. ಹಸಿರು ಪದರ ಕೆಂಪನ್ನು ಬಿಡೋದೇ ಇಲ್ಲ, ಕತ್ತಲೆ ಕತ್ತಲೆಯಾಗೇ ಉಳಿಯುತ್ತದೆ. ಎಲ್‌ಇಡಿಗೆ ಪ್ಲಸ್ ಮೈನಸ್ ಲೆಕ್ಕ ಇದೆ, ಉರಿಯದಿದ್ದರೆ ಕೆಟ್ಟಿದೆ ಅಂತ ಎಸೆಯಬೇಡಿ, ತಿರುಗಿಸಿ ಹಾಕಿ ನೋಡಿ. ಎಲ್ಲ ಸ್ಕ್ರೂ ಬಿಗಿ ಮಾಡುವ ಮುಂಚೆ, ಕಪ್ಲರ್ ಮಾತ್ರ ಸಿಕ್ಕಿಸಿ ಪಾರ್ಕಿಂಗ್ ಲೈಟ್ ಆನ್ ಮಾಡಿ ಒಂದೊಂದನ್ನೂ ನೋಡಿಕೊಳ್ಳಬೇಕು.

ಮಾವ, ನೀವು ಹೇಳೋದು ನನಗೆ ಗೊತ್ತು, ಕಂಪನಿಯವರು ಕೊಟ್ಟಿದ್ದೇ ಸರಿ ಅಂತ. ಆದರೆ ಕಂಪನಿಯವರು ಆ ಮೀಟರ್ ಮಾಡಿದ ಕಾಲಕ್ಕೆ ಬಿಳಿ ಎಲ್‌ಇಡಿ ಅಗ್ಗಕ್ಕೆ ಸಿಗುತ್ತಲೇ ಇರಲಿಲ್ಲ. ಹೊಳೆಯುವ ನೀಲಿ ಎಲ್‌ಇಡಿ ತಯಾರಾಗಿದ್ದೇ ತೊಂಬತ್ತರ ದಶಕದಲ್ಲಿ, ಬಿಳಿ ಎಲ್‌ಇಡಿ ಅದರಿಂದ ಹುಟ್ಟಿದ್ದು. ಆ ನೀಲಿ ಎಲ್‌ಇಡಿ ಮಾಡಿದ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇವತ್ತು ಬರುವ ಕಾರುಗಳ ಮೀಟರಿನಲ್ಲಿ ತಂತಿ ಬಲ್ಬ್ ಎಲ್ಲಿದೆ ಹೇಳಿ?

ವಿರೋಧ: ಮೀಟರ್ ಬಲ್ಬಿಗೆ ಬೆಳಗುವುದೊಂದೇ ಕೆಲಸ ಅಲ್ಲ

ಅಳಿಯ ಬರೆದದ್ದನ್ನು ಎರಡು ಸಲ ಓದಿದೆ. ಬಿಚ್ಚುವ ಕಷ್ಟದ ಬಗ್ಗೆ ಅವನು ಹೇಳಿದ್ದು ಪೂರ್ತಿ ನಿಜ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಅವನು ಕೇಳಲೇ ಇಲ್ಲ. ಬಲ್ಬು ನಿಜವಾಗಿ ಸತ್ತಿತ್ತಾ?

ಅವನು ಬೆಂಗಳೂರಿಗೆ ವಾಪಸ್ ಹೋದ ಮೇಲೆ ನಾನು ಮೀಟರ್ ಇಳಿಸಿ ನೋಡಿದೆ. ಒಂದು ಬಲ್ಬು ಸುಟ್ಟಿತ್ತು, ಒಪ್ಪುತ್ತೇನೆ. ಮಂಕಾಗಿ ಉರಿಯುತ್ತಿತ್ತಲ್ಲ, ಇನ್ನೊಂದು, ಅದರ ಹೋಲ್ಡರಿನ ತಾಮ್ರದ ಕಾಲುಗಳು ಕಪ್ಪಗೆ ಕಿಲುಬು ಹಿಡಿದಿದ್ದವು. ಮೊಮ್ಮಗಳ ಪೆನ್ಸಿಲ್ ರಬ್ಬರ್ ತಗೊಂಡು ಆ ಕಾಲುಗಳನ್ನೂ, ಹಾಳೆ ಮೇಲೆ ಅವು ಕೂರುವ ಜಾಗವನ್ನೂ ಮೆಲ್ಲಗೆ ಉಜ್ಜಿದೆ. ಕಾಲುಗಳನ್ನು ಉಗುರಿನಲ್ಲಿ ಚೂರು ಹೊರಕ್ಕೆ ಎತ್ತಿದೆ, ಹೋಲ್ಡರ್ ಕಾಲು ಸುತ್ತು ತಿರುಗಿಸಿ ಕೂರಿಸಿದೆ. ಅದೇ ಬಲ್ಬು ಎಷ್ಟು ಚೆನ್ನಾಗಿ ಉರಿಯಿತು ಅಂದರೆ ನನಗೇ ಆಶ್ಚರ್ಯ. ಅದೇ ಕಿಲುಬಿನ ಮೇಲೆ ಎಲ್‌ಇಡಿ ಕೂರಿಸಿದ್ದರೆ ಅದೂ ಮಿಣುಕುತ್ತಿತ್ತು, ಎಲ್‌ಇಡಿಯನ್ನು ಬೈದುಕೊಂಡು ಮತ್ತೆ ಬಿಚ್ಚುತ್ತಿದ್ದ. ಇನ್ನೂ ಒಂದು ಮಾತು. ಮೀಟರಿನ ದೀಪ ಎಲ್ಲವೂ ಒಟ್ಟಿಗೆ ಹೋದರೆ ಸ್ಕ್ರೂ ಡ್ರೈವರ್ ಕೆಳಗಿಟ್ಟು ಮೊದಲು ಕಾರಿನ ಹಿಂದಕ್ಕೆ ಹೋಗಿ ಟೇಲ್ ಲೈಟ್ ನೋಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಎರಡಕ್ಕೂ ಒಂದೇ ಫ್ಯೂಸ್. ಕತ್ತಲಲ್ಲಿ ಹಿಂದಿನ ದೀಪ ಇಲ್ಲದೆ ಹೋಗುತ್ತಿದ್ದೀರಿ ಅಂತ ಮೀಟರ್ ನಿಮಗೆ ಹೇಳುತ್ತಿರಬಹುದು.

ಈಗ ದೊಡ್ಡ ವಿಷಯಕ್ಕೆ ಬರುತ್ತೇನೆ. ಮೀಟರಿನ ಹಿಂದೆ ಇರುವ ಬಲ್ಬುಗಳೆಲ್ಲ ನೋಡೋಕೆ ಒಂದೇ ಥರ. ಆದರೆ ಒಂದಕ್ಕೆ ಬೇರೆಯೇ ಕೆಲಸ. ಕೀ ತಿರುಗಿಸಿದಾಗ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತುತ್ತದಲ್ಲ, ಅದು. ಹಳೇ ಗಾಡಿಗಳಲ್ಲಿ ಹಲವಕ್ಕೆ ಆ ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟು ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ ಒಳಗಿನ ಸುರುಳಿಗೆ ಹೋಗುತ್ತದೆ. ಅಲ್ಲಿ ಕಾಂತ ಹುಟ್ಟಿದರೆ ಮಾತ್ರ ಚಾರ್ಜಿಂಗ್ ಶುರು. 3 ವ್ಯಾಟಿನ ಬಲ್ಬು ಸುಮಾರು ಕಾಲು ಆಂಪಿಯರ್ ಬಿಡುತ್ತದೆ. ಸಣ್ಣ ಎಲ್‌ಇಡಿ ಬಿಡುವುದು ಅದರ ಹತ್ತರಲ್ಲಿ ಒಂದು ಪಾಲು. ಉಲ್ಟಾ ಹಾಕಿದ್ದರೆ ಅದೂ ಇಲ್ಲ. ಕೆಲವು ಮೀಟರುಗಳಲ್ಲಿ ಆ ಕರೆಂಟಿಗೆ ಇನ್ನೊಂದು ದಾರಿಯಾಗಿ ಬಲ್ಬಿನ ಪಕ್ಕದಲ್ಲೇ ಒಂದು ರೆಸಿಸ್ಟರ್ ಕೊಟ್ಟಿರುತ್ತಾರೆ, ಅಂಥ ಕಡೆ ತೊಂದರೆ ಆಗದು. ಇಲ್ಲದ ಕಡೆ ಆಗುವುದೇನು ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಆಗ ನಾನು ಕಾಫಿ ತೋಟದ ಡೀಸೆಲ್ ಜೀಪು ಓಡಿಸುತ್ತಿದ್ದೆ. ಚಾರ್ಜ್ ದೀಪದ ಬಲ್ಬು ಹೋಗಿತ್ತು, ಅಂಗಡಿಯವನು ಕೊಟ್ಟ ಕೆಂಪು ಎಲ್‌ಇಡಿಯನ್ನು ನಾನೇ ಹಾಕಿದೆ. ಮಳೆಗಾಲ, ವೈಪರ್ ಮತ್ತು ಹೆಡ್‌ಲೈಟ್ ದಿನವಿಡೀ ಆನ್. ತೋಟದ ದಾರಿಯಲ್ಲಿ ಮೊದಲ ಗೇರಿನಲ್ಲಿ ತೆವಳೋದು. ಟಾರ್ ರಸ್ತೆಗೆ ಬಂದು ಜೋರಾಗಿ ರೇಸ್ ಕೊಟ್ಟರೆ ಆಲ್ಟರ್ನೇಟರ್ ತಾನಾಗಿ ಎದ್ದುಕೊಳ್ಳುತ್ತಿತ್ತು, ತೋಟದೊಳಗೆ ಏಳುತ್ತಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಸ್ಟಾರ್ಟರ್ ಬರೀ ಟಕ್ ಅಂದು ಸುಮ್ಮನಾಯಿತು. ಆಲ್ಟರ್ನೇಟರ್ ಬ್ರಷ್ ಬದಲಿಸಿದೆವು. ಬೆಲ್ಟ್ ಬಿಗಿ ಮಾಡಿದೆವು. ಹೊಸ ಬ್ಯಾಟರಿಯನ್ನೂ ತಂದೆವು. ಯಾರ ತಲೆಗೂ ಮೀಟರಿನ ಬಲ್ಬು ಹೊಳೆಯಲಿಲ್ಲ. ಕೊನೆಗೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಕೀ ತಿರುಗಿಸಿ, ಆ ಕೆಂಪು ಬೆಳಕು ನೋಡಿದ ಕೂಡಲೇ, ಇದನ್ನು ಯಾರು ಹಾಕಿದ್ದು ಅಂತ ಕೇಳಿದರು. ಮೂರು ವ್ಯಾಟಿನ ಬಲ್ಬು ವಾಪಸ್ ಹಾಕಿದರು, ಸರಿಹೋಯಿತು. ಬ್ಯಾಟರಿಗೆ ಕೊಟ್ಟ ದುಡ್ಡು ಹೋದದ್ದಕ್ಕಿಂತ, ಕೆಲಸದ ದಿನಗಳಲ್ಲಿ ಆಳುಗಳು ಮಳೆಯಲ್ಲಿ ನಡೆದು ಹೋಗಬೇಕಾಯಿತಲ್ಲ ಅನ್ನುವ ಬೇಜಾರು ನನಗೆ ಇವತ್ತಿಗೂ ಇದೆ.

ಇಂಡಿಕೇಟರ್ ಕಥೆಯೂ ಹೀಗೇ. ಎಡ ಬಲ ಎರಡಕ್ಕೂ ಮೀಟರಿನಲ್ಲಿ ಒಂದೇ ದೀಪ ಇರುವ ಹಳೇ ಗಾಡಿಗಳಲ್ಲಿ ಆ ಬಲ್ಬನ್ನು ಎರಡು ಲೈನುಗಳ ಮಧ್ಯೆ ಕಟ್ಟಿರುತ್ತಾರೆ. ಎಡಕ್ಕೆ ಹಾಕಿದಾಗ ಕರೆಂಟು ಒಂದು ಕಡೆಯಿಂದ, ಬಲಕ್ಕೆ ಹಾಕಿದಾಗ ಇನ್ನೊಂದು ಕಡೆಯಿಂದ. ತಂತಿ ಬಲ್ಬಿಗೆ ಯಾವ ಕಡೆಯಿಂದ ಬಂದರೂ ಒಂದೇ. ಪ್ಲಸ್ ಮೈನಸ್ ನೋಡುವ ಎಲ್‌ಇಡಿ ಒಂದು ಕಡೆಗೆ ಮಾತ್ರ ಮಿನುಗುತ್ತದೆ.

ಕಣ್ಣಿನ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ನನಗೀಗ ಅರವತ್ತು ದಾಟಿದೆ. ವಯಸ್ಸಾದ ಕಣ್ಣು ಒಮ್ಮೆ ಬೆಳಕು ಬಡಿದರೆ ಚೇತರಿಸಿಕೊಳ್ಳೋಕೆ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಆ ಹೊಂದಿಕೆಯನ್ನು ನೀಲಿ ಬೆಳಕು ಬೇಗ ಕೆಡಿಸುತ್ತದೆ, ಕೆಂಪು ಅಷ್ಟು ಕೆಡಿಸುವುದಿಲ್ಲ. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ದೀಪ, ಮೇಲೆ ಹಳದಿ ಪುಡಿಯ ಲೇಪ. ಬಿಎಂಡಬ್ಲ್ಯು ಕಾರುಗಳ ಮೀಟರ್ ವರ್ಷಗಟ್ಟಲೆ ಕಿತ್ತಳೆ ಬಣ್ಣದಲ್ಲೇ ಬೆಳಗುತ್ತಿತ್ತು. ಸ್ವೀಡನ್ನಿನ ಸಾಬ್ ಕಾರುಗಳಲ್ಲಿ ಒಂದು ಗುಂಡಿ ಒತ್ತಿದರೆ ಸ್ಪೀಡೋಮೀಟರ್ ಬಿಟ್ಟು ಉಳಿದ ಬೆಳಕೆಲ್ಲ ಆರಿಹೋಗುತ್ತಿತ್ತು, ಚಾಲಕನ ಕಣ್ಣು ರಸ್ತೆ ಮೇಲೆ ಇರಲಿ ಅಂತ. ಅವರು ಕಡಿಮೆ ಮಾಡಿದ್ದನ್ನು ನಾವು ದುಡ್ಡು ಕೊಟ್ಟು ಜಾಸ್ತಿ ಮಾಡಬೇಕಾ?

ಶಿರಾಡಿ ಘಾಟಿಯಲ್ಲಿ ಮಂಜು ಕವಿದ ರಾತ್ರಿ ಓಡಿಸಿದವರಿಗೆ ನಾನು ಹೇಳೋದು ಅರ್ಥ ಆಗುತ್ತದೆ. ರಸ್ತೆ ಅಂಚಿನ ಬಿಳಿ ಗೆರೆ ಎಲ್ಲಿ ಮುಗಿಯುತ್ತದೆ ಅಂತ ಹುಡುಕುತ್ತಾ ಹೋಗಬೇಕು. ಆಗ ಮೀಟರು ಹೊಳೆಯುತ್ತಿದ್ದರೆ ಅದರ ಪ್ರತಿಬಿಂಬ ಕಾರಿನ ಮುಂದಿನ ಗಾಜಿನ ಮೇಲೆ ಬಿದ್ದು ಮಂಜಿನ ಜೊತೆ ಇನ್ನೊಂದು ಮಂಜಾಗುತ್ತದೆ. ಬೆಳಕು ತಗ್ಗಿಸುವ ತಿರುಗಣೆ ಇದೆಯಲ್ಲ ಅಂದರೆ, ಹಳೇ ಥರದ ತಿರುಗಣೆ ತಂತಿ ಬಲ್ಬು ಎಳೆಯುವ ಕರೆಂಟಿಗೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಎಳೆಯುವುದೇ ಚೂರು, ತಿರುಗಿಸಿದರೂ ಹೆಚ್ಚೇನೂ ತಗ್ಗುವುದಿಲ್ಲ.

ಬೆಳಕು ಹರಡುವ ರೀತಿಯೂ ಬೇರೆ. ಮೀಟರಿನ ಒಳಗೋಡೆಗೆ ಬಿಳಿ ಬಳಿದಿರೋದು ಸುಮ್ನೆ ಅಲ್ಲ. ನಡುವೆ ಒಂದು ತಂತಿ ಎಲ್ಲ ದಿಕ್ಕಿಗೂ ಉರಿಯುತ್ತದೆ, ಗೋಡೆಗೆ ಬಡಿದು ಹರಡಿ ಅಂಕಿಗಳನ್ನು ಸಮವಾಗಿ ಬೆಳಗುತ್ತದೆ, ಹಾಗಂತ ಲೆಕ್ಕ ಹಾಕಿ ಮಾಡಿದ ಡಬ್ಬಿ ಅದು. ಎಲ್‌ಇಡಿ ಹಾಕಿದ ಒಬ್ಬರ ಕಾರಿನಲ್ಲಿ ಕೂತಿದ್ದೆ. 60 ಸೂರ್ಯನ ಹಾಗೆ ಹೊಳೆಯುತ್ತಿತ್ತು, 20 ಮತ್ತು 120 ಹುಡುಕಬೇಕಿತ್ತು. ಸುತ್ತಲೂ ಉರಿಯುವುದು ತಂದರೆ ಕಡಿಮೆ ಆಗಬಹುದು, ಪೂರ್ತಿ ಹೋಗುವುದು ನಾನು ನೋಡಿಲ್ಲ.

ಹಾಗಾದರೆ ನಾನು ಮಾಡಿದ್ದೇನು? ಊರಿನ ಅಂಗಡಿಯಲ್ಲೇ ಮೀಟರ್ ಬಲ್ಬ್ ಸಿಗುತ್ತದೆ. ಬೆಳಕಿನ ಬಲ್ಬುಗಳನ್ನೆಲ್ಲ ಒಂದೇ ಸಲಕ್ಕೆ, ಒಂದೇ ಕಂಪನಿಯದ್ದು ಹಾಕಿದೆ, ಒಂದು ಹೊಸದು ಒಂದು ಹಳೆಯದು ಆದರೆ ಅರ್ಧ ಮೀಟರ್ ಬೆಳಗಿ ಅರ್ಧ ಮಂಕಾಗುತ್ತದೆ. ಅಷ್ಟೇ ವ್ಯಾಟಿನದ್ದು ಹಾಕಿದೆ. 3.4 ಇದ್ದ ಕಡೆ 5 ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ, ಕೇಳಬೇಡಿ, ಅಳಿಯ ಹೇಳಿದ ಆ ಕಂದು ಕಲೆ ಹಾಗೇ ಆಗೋದು. ಬಲ್ಬಿನ ಮೇಲೆ ಬಣ್ಣದ ರಬ್ಬರ್ ಟೋಪಿ ಇದ್ದರೆ ಅದನ್ನು ಹೊಸ ಬಲ್ಬಿಗೂ ತೊಡಿಸಬೇಕು.

ಅಳಿಯಾ, ನೀನು ತಂದಿಟ್ಟ ಎಲ್‌ಇಡಿಗಳು ಇಲ್ಲೇ ಇವೆ, ಒಂದನ್ನು ಡಿಕ್ಕಿ ದೀಪಕ್ಕೆ ಹಾಕಿದ್ದೇನೆ, ಅಲ್ಲಿ ತುಂಬಾ ಚೆನ್ನಾಗಿದೆ. ಮುಂದಿನ ಸಲ ಕಾರು ತಗೊಂಡು ಹೋಗುವಾಗ ಗ್ಲವ್ ಬಾಕ್ಸಿನಲ್ಲಿ ಒಂದು ಬೆಂಕಿಪೊಟ್ಟಣ ಇರುತ್ತದೆ. ಕಡ್ಡಿ ಅಂತ ಎಸೆಯಬೇಡ. ಹತ್ತಿಯಲ್ಲಿ ಸುತ್ತಿ ಎರಡು ಮೀಟರ್ ಬಲ್ಬು ಇಟ್ಟಿದ್ದೇನೆ.